ಹಂದಿಮರಿ ಪಟ್ಟಣಕ್ಕೆ ಹೋದ ಸಿನಿಮಾವನ್ನು ಮಕ್ಕಳಿಗೆ ತೋರಿಸುವುದು ಹೇಗೆ

‘ಬೇಬ್’ ಸಿನಿಮಾ 1995ರಲ್ಲಿ ಬಂತು. ಕುರಿ ಕಾಯಲು ಕಲಿತ ಹಂದಿಮರಿಯ ಕಥೆ ಅದು. ಡಿಕ್ ಕಿಂಗ್-ಸ್ಮಿತ್ ಬರೆದ ಮಕ್ಕಳ ಕಾದಂಬರಿಯಿಂದ ಹುಟ್ಟಿದ, ಆಸ್ಟ್ರೇಲಿಯಾದ ಹಸಿರು ಗುಡ್ಡಗಳ ನಡುವೆ ಚಿತ್ರೀಕರಿಸಿದ ಮೆದು ಸಿನಿಮಾ. ಎರಡನೇ ಭಾಗ ‘ಬೇಬ್: ಪಿಗ್ ಇನ್ ದ ಸಿಟಿ’ 1998ರ ನವೆಂಬರ್‌ನಲ್ಲಿ ಬಂತು. ಅದು ಮೆದು ಅಲ್ಲ. ಮೊದಲ ಭಾಗವನ್ನು ನಿರ್ದೇಶಿಸಿದವರು ಕ್ರಿಸ್ ನೂನನ್. ಎರಡನೆಯದನ್ನು ನಿರ್ದೇಶಿಸಿದವರು ‘ಮ್ಯಾಡ್ ಮ್ಯಾಕ್ಸ್’ ಎಂಬ ಹೊಡೆದಾಟ, ಬೆನ್ನಟ್ಟುವಿಕೆಯ ಸಿನಿಮಾಗಳ ಖ್ಯಾತಿಯ ಜಾರ್ಜ್ ಮಿಲ್ಲರ್. ಈ ಒಂದು ಬದಲಾವಣೆ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಸುಮಾರು 9 ಕೋಟಿ ಡಾಲರ್ ಸುರಿದು ಮಾಡಿದ ಈ ಸಿನಿಮಾ ಅಮೆರಿಕದಲ್ಲಿ 2 ಕೋಟಿಯನ್ನೂ ಮುಟ್ಟಲಿಲ್ಲ. ಮುದ್ದು ಹಂದಿಮರಿಯನ್ನು ನೋಡಲು ಬಂದ ಮನೆಮಂದಿಗೆ ಕತ್ತಲೆ ಗಲ್ಲಿ, ಅಟ್ಟಿಸಿಕೊಂಡು ಬರುವ ನಾಯಿ, ಬೋನಿನ ಗಾಡಿ ಎದುರಾದವು. ಅದೇ ಸಿನಿಮಾಕ್ಕೆ ವಿಮರ್ಶಕ ರೋಜರ್ ಎಬರ್ಟ್ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟರು. ಇಬ್ಬರದೂ ತಪ್ಪಲ್ಲ. ಒಳ್ಳೆಯ ಸಿನಿಮಾ ನಿಜ, ಆದರೆ ಮಕ್ಕಳ ಮುಂದೆ ಹಚ್ಚಿಟ್ಟು ದೊಡ್ಡವರು ಅಡುಗೆಮನೆಗೆ ಹೋಗಿಬಿಡುವಂಥದ್ದಲ್ಲ. ಶಾಲೆ, ಗ್ರಂಥಾಲಯ, ಬೇಸಿಗೆ ಶಿಬಿರ ಅಥವಾ ಮನೆ, ಎಲ್ಲೇ ತೋರಿಸುವುದಾದರೂ ಈ ಕ್ರಮದಲ್ಲಿ ಮಾಡಿ.

ಮೊದಲು ನೀವು ನೋಡಿ, ಕೈಯಲ್ಲಿ ಪೆನ್ನು ಹಿಡಿದು

ಸಿನಿಮಾದ ಉದ್ದ ಸುಮಾರು 97 ನಿಮಿಷ. ತೋರಿಸುವ ಹಿಂದಿನ ವಾರ ಒಮ್ಮೆ ಪೂರ್ತಿ ನೋಡಿ, ನಿಮ್ಮ ಪ್ರತಿಯಲ್ಲಿ ಈ ಜಾಗಗಳ ನಿಮಿಷ-ಸೆಕೆಂಡ್ ಬರೆದಿಟ್ಟುಕೊಳ್ಳಿ: ಬಾವಿಯ ಅವಘಡ, ವಿಮಾನ ನಿಲ್ದಾಣದ ತಪಾಸಣೆ, ನಾಯಿಗಳ ಬೆನ್ನಟ್ಟುವಿಕೆ ಶುರುವಾಗುವ ಮತ್ತು ಮುಗಿಯುವ ಹೊತ್ತು, ಹೋಟೆಲಿನ ಮೇಲೆ ದಾಳಿ, ಗಾಲಿಕಟ್ಟಿದ ಪುಟ್ಟ ನಾಯಿ ರಸ್ತೆಗೆ ಬೀಳುವುದು. ಡಿವಿಡಿಗೂ ಆನ್‌ಲೈನ್ ಪ್ರತಿಗೂ ಸಮಯದಲ್ಲಿ ವ್ಯತ್ಯಾಸ ಬರಬಹುದು. ಆದ್ದರಿಂದ ಬೇರೆಯವರು ಬರೆದಿಟ್ಟ ಪಟ್ಟಿ ನಂಬಬೇಡಿ, ತೋರಿಸುವ ಪ್ರತಿಯಿಂದಲೇ ಬರೆದುಕೊಳ್ಳಿ.

ಅನುಮತಿಯ ವಿಷಯ ಇಲ್ಲೇ ಮುಗಿಸಿಬಿಡೋಣ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು, ನೋಡುಗರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಪರದೆ ಕಟ್ಟಿ ಊರಿಗೆಲ್ಲ ಕರೆ ಕೊಟ್ಟರೆ, ಟಿಕೆಟ್ ಇರಲಿ ಇಲ್ಲದಿರಲಿ, ಈ ವಿನಾಯಿತಿ ಸಿಗುವುದಿಲ್ಲ. ಒಟಿಟಿ ಚಂದಾ ಸಾಮಾನ್ಯವಾಗಿ ಮನೆಯೊಳಗಿನ ಬಳಕೆಗೆ ಕೊಟ್ಟದ್ದು. ಶಾಲೆಗೆ ಕೊಂಡ ಡಿವಿಡಿ ಹೆಚ್ಚು ನಿಶ್ಚಿಂತೆಯ ದಾರಿ, ನಡುವೆ ಇಂಟರ್ನೆಟ್ ಕೈಕೊಡುವ ಭಯವೂ ಇಲ್ಲ.

ಮೊದಲ ಭಾಗ ತೋರಿಸದೆ ಎರಡನೆಯದಕ್ಕೆ ಕೈ ಹಾಕಬೇಡಿ

ಎರಡನೇ ಭಾಗ ಶುರುವಾಗುವುದೇ ಹಂದಿಮರಿ ಗೆದ್ದು ಊರಿಗೆ ಮರಳುವುದರಿಂದ. ಏನು ಗೆದ್ದ, ಬಾಯಿಬಿಡದ ರೈತ ಹಾಗೆಟ್‌ಗೂ ಅವನಿಗೂ ಏನು ಸಂಬಂಧ ಎಂದು ತಿಳಿಯದ ಮಗುವಿಗೆ ಮೊದಲ ಹತ್ತು ನಿಮಿಷದ ಅವಘಡ ಬರೀ ಗದ್ದಲವಾಗಿ ಕಾಣುತ್ತದೆ. ಎರಡರ ನಡುವೆ ಒಂದು ವಾರ ಬಿಡಿ. ಒಂದೇ ದಿನ ಎರಡನ್ನೂ ತೋರಿಸಿದರೆ ಮೂರು ಗಂಟೆ ಮೀರುತ್ತದೆ, ಮಕ್ಕಳು ದಣಿಯುವ ಹೊತ್ತಿಗೇ ಅತಿ ಕಠಿಣ ಭಾಗ ಬರುತ್ತದೆ.

ಅಮೆರಿಕದಲ್ಲಿ ಇದಕ್ಕೆ ‘ಜಿ’, ಅಂದರೆ ಎಲ್ಲ ವಯಸ್ಸಿನವರಿಗೂ ಸಲ್ಲುವ ಪ್ರಮಾಣಪತ್ರ ಸಿಕ್ಕಿದೆ. ಅದನ್ನು ನೋಡಿ ಅಂಗನವಾಡಿ ಮಕ್ಕಳನ್ನು ಕೂರಿಸಬೇಡಿ. ಗುಂಪಿನಲ್ಲಿ ತೋರಿಸುವುದಾದರೆ ಏಳು ತುಂಬಿದವರಿಗೆ, ಎಂದರೆ ಎರಡನೇ ತರಗತಿ ದಾಟಿದವರಿಗೆ. ಐದಾರು ವರ್ಷದವರಿಗೆ ಮನೆಯಲ್ಲಿ, ಯಾರದಾದರೂ ತೊಡೆಯ ಮೇಲೆ. ಮನೆಯ ಸಾಕುನಾಯಿ ಅಥವಾ ಹಸು ಇತ್ತೀಚೆಗೆ ಸತ್ತಿರುವ ಮಗು ಇದ್ದರೆ ಆ ಮಗುವಿನ ತಂದೆತಾಯಿಗೆ ಮುಂಚೆ ಹೇಳಿ, ನಿರ್ಧಾರ ಅವರದ್ದು.

ಇನ್ನೊಂದು ಸೂಕ್ಷ್ಮ. ನಮ್ಮಲ್ಲಿ ‘ಹಂದಿ’ ಬೈಗುಳ. ತರಗತಿಯಲ್ಲಿ ದಪ್ಪಗಿರುವ ಮಗುವಿನ ಕಡೆ ಯಾರಾದರೂ ತಿರುಗಿ ನಕ್ಕೇ ನಗುತ್ತಾರೆ. ಕೆಲವು ಮನೆಗಳಲ್ಲಿ ಹಂದಿಯ ಹೆಸರೂ ಎತ್ತುವುದಿಲ್ಲ, ಕೊಡಗಿನ ಮನೆಗಳಲ್ಲಿ ಅದು ಹಬ್ಬದೂಟ. ಮೊದಲ ಭಾಗದಲ್ಲಿ ಕ್ರಿಸ್‌ಮಸ್ ಊಟಕ್ಕೆ ಯಾರನ್ನು ಕೊಯ್ಯುತ್ತಾರೆ ಎಂಬ ಆತಂಕವೇ ಇದೆ, ಆದ್ದರಿಂದ ಪ್ರಶ್ನೆ ಬರುತ್ತದೆ. ‘ತಿನ್ನುವುದು ಸರಿಯಾ ತಪ್ಪಾ’ ಎಂಬ ಚರ್ಚೆಗೆ ಇಳಿಯಬೇಡಿ. ಊರೂರಿಗೆ, ಮನೆಮನೆಗೆ ಬೇರೆ ರೂಢಿ ಎಂದು ಹೇಳಿ ಮುಂದೆ ಸಾಗಿ. ಗೇಲಿ ತಪ್ಪಿಸಲು ಸುಲಭ ಉಪಾಯ, ಮೊದಲ ದಿನದಿಂದಲೇ ಅವನನ್ನು ಹೆಸರು ಹಿಡಿದು ‘ಬೇಬ್’ ಅನ್ನುವುದು.

ಕೋಣೆ, ಪರದೆ, ಸದ್ದು

ಮೂವತ್ತು ಮಕ್ಕಳಿಗೆ ಆರಡಿ ಅಗಲದ ಬಿಳಿ ಪರದೆ ಅಥವಾ ಬಿಳಿ ಸುಣ್ಣದ ಗೋಡೆ ಸಾಕು. ಮುಂದಿನ ಸಾಲು ಪರದೆಯಿಂದ ಒಂಬತ್ತು ಅಡಿಗಿಂತ ಹತ್ತಿರ ಬೇಡ. ಹಗಲಲ್ಲಿ ತೋರಿಸುವುದಾದರೆ 3000 ಲ್ಯೂಮೆನ್‌ಗಿಂತ ಕಡಿಮೆಯ ಪ್ರೊಜೆಕ್ಟರ್ ತರಬೇಡಿ. ಈ ಸಿನಿಮಾದ ಪಟ್ಟಣದ ಭಾಗ ಬಹುಪಾಲು ರಾತ್ರಿಯದು, ಮಂದ ಬೆಳಕಿನಲ್ಲಿ ಕಪ್ಪು ಬಣ್ಣವೆಲ್ಲ ಬೂದಿಯಾಗಿ, ಯಾರು ಯಾರನ್ನು ಅಟ್ಟುತ್ತಿದ್ದಾರೆಂದೇ ಗೊತ್ತಾಗುವುದಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ. ಆದರೆ ಕೋಣೆಯನ್ನು ಗವಿಯಂತೆ ಮಾಡಬೇಡಿ: ಹಿಂದಿನ ಗೋಡೆಯ ಬಳಿ ಒಂದು ಸಣ್ಣ ಬಲ್ಬು ಉರಿಯುತ್ತಿರಲಿ. ಹೆದರಿದ ಮಗು ಹಿಂದೆ ತಿರುಗಿದಾಗ ಗೆಳೆಯರ ಮುಖ ಕಾಣಬೇಕು.

ಸದ್ದನ್ನು ಮಾತಿನ ದೃಶ್ಯದಲ್ಲಿ ಹೊಂದಿಸಿದರೆ ಬೊಗಳುವ ದೃಶ್ಯದಲ್ಲಿ ಕಿವಿ ಹರಿಯುತ್ತದೆ. ಬೆನ್ನಟ್ಟುವ ದೃಶ್ಯ ಹಾಕಿಕೊಂಡು ಹೊಂದಿಸಿ. ಮೈಮರೆಯುವಷ್ಟು ಜೋರು ಬೇಡ, ಮೊದಲ ಸಾಲಿನಲ್ಲಿ ಕುಳಿತು ಪಕ್ಕದವರೊಡನೆ ಮಾತಾಡಿದರೆ ಕೇಳಿಸುವಷ್ಟಿರಲಿ.

ಕನ್ನಡದಲ್ಲಿ ಹೇಳುತ್ತ ಹೋಗುವುದು

ಇಂಗ್ಲಿಷ್ ಅಕ್ಷರಗಳ ಅಡಿಬರಹ ಏಳು ವರ್ಷದ ಮಗುವಿಗೆ ಪ್ರಯೋಜನವಿಲ್ಲ, ಅದು ಇರುವುದು ಹೇಳುವವರಿಗೆ. ಒಬ್ಬರು ಪರದೆಯ ಪಕ್ಕದಲ್ಲಿ ಕುಳಿತು ಸಣ್ಣ ಮೈಕಿನಲ್ಲಿ ಕನ್ನಡದಲ್ಲಿ ಹೇಳಲಿ. ಹಿಂದೆ ಕುಳಿತು ಹೇಳಿದರೆ ಮಕ್ಕಳು ಪದೇ ಪದೇ ಹಿಂದೆ ತಿರುಗುತ್ತಾರೆ. ಪ್ರತಿ ಮಾತನ್ನೂ ಅನುವಾದಿಸಲು ಹೋದವರು ಎರಡೇ ನಿಮಿಷದಲ್ಲಿ ಹಿಂದೆ ಬೀಳುತ್ತಾರೆ. ಮೂರು ಮಾತಿಗೆ ಒಂದು ವಾಕ್ಯ ಸಾಕು. ಓಟ, ಬೀಳುವಿಕೆ, ಸರ್ಕಸ್ಸಿನ ದೃಶ್ಯಗಳಲ್ಲಿ ಬಾಯಿ ಮುಚ್ಚಿಕೊಂಡಿರಿ.

ಮೊದಲೇ ತೀರ್ಮಾನಿಸಬೇಕಾದವು ಕೆಲವಿವೆ. ಕನ್ನಡದಲ್ಲಿ ಪ್ರಾಣಿ ‘ಅದು’. ಈ ಸಿನಿಮಾದಲ್ಲಿ ಹಾಗೆ ಹೇಳಿದರೆ ಕಥೆಯ ಅರ್ಧ ಜೀವ ಹೋಗುತ್ತದೆ. ಮಾತಾಡುವ ಪ್ರಾಣಿಗಳೆಲ್ಲ ‘ಅವನು’, ‘ಅವಳು’, ಮಾತಾಡದವು ‘ಅದು’ ಎಂದು ಇಟ್ಟುಕೊಳ್ಳಿ. ಪ್ರಾಣಿಗಳು ರೈತನನ್ನು ‘ಬಾಸ್’ ಅನ್ನುತ್ತವೆ. ‘ಧಣಿ’ ಅಂದರೆ ಜೀತದ ವಾಸನೆ, ‘ಗೌಡ್ರು’ ಅಂದರೆ ಒಂದು ಸೀಮೆಗೆ, ಒಂದು ಜಾತಿಗೆ ಕಟ್ಟಿಹಾಕಿದಂತೆ. ‘ಯಜಮಾನ್ರು’ ಸರಿಯಾಗಿ ಕೂರುತ್ತದೆ, ಯಾಕೆಂದರೆ ಹಂದಿಯ ಬಾಯಲ್ಲೂ ಹೆಂಡತಿ ಎಸ್ಮಿಯ ಬಾಯಲ್ಲೂ ಅದೇ ಪದ ನಿಲ್ಲುತ್ತದೆ. ಎಸ್ಮಿ ಪ್ರಾಣಿಗಳಿಗೆ ‘ಅಮ್ಮಾವ್ರು’.

ಬೇಬ್ ಮತ್ತು ಎಸ್ಮಿ ಇಳಿದುಕೊಳ್ಳುವ ಪಟ್ಟಣದ ಹೋಟೆಲಿನಲ್ಲಿ ಬಟ್ಟೆ ತೊಟ್ಟ ಚಿಂಪಾಂಜಿಗಳ ಸಂಸಾರವಿದೆ, ಕಳ್ಳತನಕ್ಕೂ ಹಿಂಜರಿಯದವರು. ಅವರಿಗೆ ಯಾವುದೋ ಜಿಲ್ಲೆಯ ಅಥವಾ ಕೇರಿಯ ಮಾತಿನ ಧಾಟಿ ಕೊಟ್ಟು ನಗಿಸುವ ಆಸೆ ಬರುತ್ತದೆ. ಬೇಡ. ಆ ಧಾಟಿಯಲ್ಲೇ ಮನೆಯಲ್ಲಿ ಮಾತಾಡುವ ಮಗು ಎದುರಿಗೆ ಕುಳಿತಿರುತ್ತದೆ. ಆದರೆ ಗಂಭೀರ ಮುಖದ ಒರಾಂಗುಟಾನ್ ಥೆಲೋನಿಯಸ್‌ಗೆ ಕಂಪನಿ ನಾಟಕದ ಗ್ರಾಂಥಿಕ ಕನ್ನಡ ಕೊಡಿ, ಹೇಳಿ ಮಾಡಿಸಿದಂತಿರುತ್ತದೆ.

ಕೊನೆಯಲ್ಲಿ ರೈತ ಹಂದಿಮರಿಗೆ ಹೇಳುವ ಒಂದು ಮಾತಿದೆ, ಮೊದಲ ಭಾಗದ ಕೊನೆಯ ಮಾತೂ ಅದೇ. ಇಂಗ್ಲಿಷಿನಲ್ಲಿ ಅದು ‘ದಟಲ್ ಡು, ಪಿಗ್’. ಕುರಿನಾಯಿಗೆ ‘ಕೆಲಸ ಆಯ್ತು, ಬಾ’ ಎಂದು ಹೇಳುವ ಮಾತು, ಇಲ್ಲಿ ಅದೇ ಅವನ ಪಾಲಿನ ಅತಿ ದೊಡ್ಡ ಹೊಗಳಿಕೆ. ‘ಸಾಕು’ ಎಂದಷ್ಟೇ ಹೇಳಿದರೆ ಮಕ್ಕಳಿಗೆ ಗದರಿದಂತೆ ಕೇಳುತ್ತದೆ, ‘ಸಾಕು ನಿಲ್ಲಿಸು’ ಎಂದು ದಿನವೂ ಕೇಳುವವರಲ್ಲವೇ. ‘ಶಭಾಶ್’ ಅಂದರೆ ಮಾತು ಕಡಿಮೆ ಆಡುವ ಆ ಮನುಷ್ಯನಿಗೆ ಹೊಂದುವುದಿಲ್ಲ. ‘ಇಷ್ಟಾಯ್ತಲ್ಲ ಮರಿ, ಸಾಕು’ ಎಂದು ಮೆಲ್ಲಗೆ ಹೇಳಿ. ಮೊದಲ ಭಾಗದಲ್ಲಿ ಯಾವ ಮಾತು ಬಳಸಿದಿರೋ ಎರಡನೆಯದರಲ್ಲೂ ಅದೇ ಇರಬೇಕು, ಒಂದಕ್ಷರವೂ ಬದಲಾಗಬಾರದು.

ದೃಶ್ಯದಿಂದ ದೃಶ್ಯಕ್ಕೆ

ಬಾವಿ. ಪಂಪು ಸರಿಮಾಡಲು ಬಾವಿಗಿಳಿದ ಹಾಗೆಟ್‌ಗೆ ಬೇಬ್‌ನ ಎಡವಟ್ಟಿನಿಂದ ಭಾರೀ ಪೆಟ್ಟಾಗುತ್ತದೆ. ದುಡಿಯುವವನು ಮಲಗಿದ ಮೇಲೆ ಬ್ಯಾಂಕಿನವರು ಬರುತ್ತಾರೆ. ಬೋರ್‌ವೆಲ್ ಸಾಲ ಕಂಡ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ‘ತಪ್ಪು ಯಾರದು’ ಎಂಬುದು ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ನಿಲ್ಲಿಸಬೇಡಿ, ಹೇಳುವವರು ಒಂದೇ ವಾಕ್ಯ ಸೇರಿಸಲಿ: ‘ಬೇಬ್ ಸಹಾಯ ಮಾಡಲು ಹೋಗಿದ್ದ.’

ವಿಮಾನ ನಿಲ್ದಾಣ. ಮೇಳವೊಂದರಲ್ಲಿ ಬೇಬ್‌ನನ್ನು ತೋರಿಸಿ ಬರುವ ಹಣದಿಂದ ಹೊಲ ಉಳಿಸಿಕೊಳ್ಳಲು ಎಸ್ಮಿ ಅವನೊಂದಿಗೆ ಹೊರಡುತ್ತಾಳೆ. ಮೂಸುವ ನಾಯಿಯ ಬೊಗಳುವಿಕೆಯಿಂದ ಆಕೆಯ ಮೇಲೆ ಮಾದಕವಸ್ತುವಿನ ಅನುಮಾನ ಬಂದು ತಪಾಸಣೆಯಾಗುತ್ತದೆ, ಮುಂದಿನ ವಿಮಾನ ತಪ್ಪುತ್ತದೆ. ದೊಡ್ಡವರಿಗೆ ನಗು ಬರುವಂತೆ ತೆಗೆದ ದೃಶ್ಯ, ಮಕ್ಕಳಿಗೆ ಗೊಂದಲ. ‘ಸುಮ್ಮನೆ ಅನುಮಾನಪಟ್ಟು ಹಿಡಿದಿಟ್ಟುಕೊಂಡರು, ವಿಮಾನ ಹೊರಟುಹೋಯಿತು’ ಎಂದರೆ ಮುಗಿಯಿತು.

ಪಟ್ಟಣ ಕಾಣಿಸಿದ ಕೂಡಲೇ ಒಂದು ನಿಮಿಷ ಚಿತ್ರ ನಿಲ್ಲಿಸಿ. ಕಿಟಕಿಯಾಚೆ ಸಿಡ್ನಿಯ ಆಪೆರಾ ಹೌಸ್, ಐಫೆಲ್ ಗೋಪುರ, ಸ್ವಾತಂತ್ರ್ಯ ದೇವತೆ, ಹಾಲಿವುಡ್ ಅಕ್ಷರಗಳು ಎಲ್ಲ ಒಂದೇ ಊರಿನಲ್ಲಿವೆ. ಭೂಪಟ ಹಿಡಿದು ಯಾವುದು ಎಲ್ಲಿಯದು ಎಂದು ಹುಡುಕಿಸಿ. ಇದು ಯಾವ ಊರೂ ಅಲ್ಲ, ಎಲ್ಲ ಊರೂ ಹೌದು ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಇದು ನಿಜವಲ್ಲದ ಊರು ಎಂದು ಈಗಲೇ ಗೊತ್ತಾದರೆ ಮುಂದಿನ ಭಯ ಸ್ವಲ್ಪ ಹಗುರಾಗುತ್ತದೆ. ಸಿನಿಮಾದಲ್ಲಿ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇನ್ನು ಸೇತುವೆ. ಜಾಸ್ತಿ ಎಡವುವುದು ಇಲ್ಲೇ. ಹಸಿದ ಚಿಂಪಾಂಜಿಗಳು ಬೇಬ್‌ಗೆ ಸುಳ್ಳು ಹೇಳಿ ಕಾವಲುನಾಯಿಗಳ ಬಾಯಿಗೆ ಒಡ್ಡುತ್ತವೆ. ಬುಲ್ ಟೆರಿಯರ್ ಒಂದು ಅವನನ್ನು ಗಲ್ಲಿಗಲ್ಲಿ ಅಟ್ಟುತ್ತದೆ. ಕೊನೆಗೆ ನಾಯಿಯ ಸರಪಳಿ ಸೇತುವೆಗೆ ಸಿಕ್ಕಿ, ಅದು ತಲೆಕೆಳಗಾಗಿ ನೇತಾಡುತ್ತ, ಮೂಗು ಕಾಲುವೆಯ ನೀರಿನಲ್ಲಿ ಮುಳುಗಿ, ಒದ್ದಾಡುತ್ತದೆ. ಸುತ್ತ ನಿಂತ ಪ್ರಾಣಿಗಳು ನೋಡುತ್ತ ನಿಲ್ಲುತ್ತವೆ. ಸಂಗೀತ ಕುಗ್ಗುತ್ತದೆ. ಯಾವುದೋ ಮಗು ಅಳಲು ಶುರುಮಾಡುತ್ತದೆ, ಮೇಷ್ಟ್ರು ಗಾಬರಿಯಾಗಿ ನಿಲ್ಲಿಸು ಬಟನ್ ಒತ್ತುತ್ತಾರೆ.

ಅಲ್ಲಿ ಒತ್ತಬಾರದು. ಅಂಜಿಸಿದ ಜಾಗದಲ್ಲೇ ನಿಲ್ಲಿಸಿದರೆ ನೇತಾಡುವ ನಾಯಿಯೇ ಮಗುವಿನ ಕಣ್ಣಲ್ಲಿ ಉಳಿಯುತ್ತದೆ, ರಾತ್ರಿ ಕನಸಿಗೂ ಬರುತ್ತದೆ. ಕೆಲವೇ ಕ್ಷಣದಲ್ಲಿ ಬೇಬ್ ನೀರಿಗಿಳಿದು, ಚಿಕ್ಕ ದೋಣಿಯೊಂದನ್ನು ತಳ್ಳಿ ತಂದು, ತನ್ನನ್ನು ಕೊಲ್ಲಲು ಬಂದ ನಾಯಿಯ ಕೆಳಗೆ ಇಡುತ್ತಾನೆ. ನಾಯಿ ಉಸಿರಾಡುತ್ತದೆ. ಆಮೇಲೆ ಅದೇ ನಾಯಿ ಬೇಬ್‌ನ ಪಕ್ಕ ನಿಂತು, ಈ ಹಂದಿ ಹೇಳಿದಂತೆ ಎಲ್ಲರೂ ಕೇಳಬೇಕು ಎಂದು ಗುಡುಗುತ್ತದೆ. ಇಷ್ಟೂ ಆದ ಮೇಲೆ ನಿಲ್ಲಿಸಿ, ನೀರು ಕುಡಿಸಿ, ಮಾತಾಡಿಸಿ. ಮಗು ಅತ್ತರೆ ಅದರ ಪಕ್ಕ ಹೋಗಿ ಕುಳಿತು, ‘ಈಗ ಬೇಬ್ ಬರ್ತಾನೆ ನೋಡು’ ಎಂದು ಮುಂಚೆಯೇ ಹೇಳಿಬಿಡಿ. ಕುತೂಹಲ ಹಾಳಾದರೂ ಪರವಾಗಿಲ್ಲ. ಆ ದೃಶ್ಯವನ್ನೇ ಹಾರಿಸುವುದಂತೂ ಬೇಡ: ಅದಿಲ್ಲದೆ ಬೀದಿಪ್ರಾಣಿಗಳೆಲ್ಲ ಬೇಬ್‌ನ ಬಳಿ ಆಸರೆ ಕೇಳಿ ಯಾಕೆ ಬಂದವು ಎಂಬುದಕ್ಕೆ ಉತ್ತರವಿಲ್ಲ.

ಇಲ್ಲಿ ಮಾತಿಗೆ ಪುಣ್ಯಕೋಟಿಯನ್ನು ತರಬಹುದು. ಮಕ್ಕಳಿಗೆ ಹಾಡು ಬಾಯಿಪಾಠ. ಕೊಲ್ಲಲು ನಿಂತ ಹುಲಿ ಹಸುವಿನ ಸತ್ಯಕ್ಕೆ ಮನಸೋತದ್ದನ್ನು ಬಲ್ಲವರಿಗೆ ಈ ನಾಯಿ ಹೊಸಬನಲ್ಲ. ಆದರೆ ಅಲ್ಲಿ ಹುಲಿ ಪ್ರಾಣ ಬಿಟ್ಟಿತು, ಇಲ್ಲಿ ನಾಯಿ ಬದುಕಿ ಉಳಿಯಿತು. ಯಾವುದು ನಿಮಗೆ ಇಷ್ಟ ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಉತ್ತರ ನೀವು ಕೊಡಬೇಡಿ.

ಹೋಟೆಲ್ ದಾಳಿಯಲ್ಲಿ ಪ್ರಾಣಿ ಹಿಡಿಯುವ ಸಿಬ್ಬಂದಿ ಬಂದು ಅಲ್ಲಿನ ಪ್ರಾಣಿಗಳನ್ನು ಬಲೆ ಹಾಕಿ ಹಿಡಿಯುತ್ತಾರೆ. ಹಿಂಗಾಲಿಗೆ ಗಾಲಿಗಾಡಿ ಕಟ್ಟಿಸಿಕೊಂಡ ಪುಟ್ಟ ನಾಯಿ ಫ್ಲೀಲಿಕ್ ಹೊರಡುತ್ತಿರುವ ಗಾಡಿಗೆ ಕಚ್ಚಿಕೊಂಡು ಹೋಗಿ ರಸ್ತೆಗೆ ಎಸೆಯಲ್ಪಡುತ್ತಾನೆ. ಆಮೇಲೆ ಹಸಿರು ಬಯಲಲ್ಲಿ ನಾಲ್ಕೂ ಕಾಲಲ್ಲಿ ಓಡುವ ಕನಸು. ಚಿಕ್ಕವರು ‘ಕಾಲು ಬಂತು’ ಎಂದು ಚಪ್ಪಾಳೆ ತಟ್ಟುತ್ತಾರೆ, ದೊಡ್ಡ ಮಕ್ಕಳಿಗೆ ಅವನು ಸತ್ತನೆಂದು ಹೊಳೆಯುತ್ತದೆ. ಅವನು ಏಳುತ್ತಾನೆ. ಇಲ್ಲೂ ಎದ್ದ ಮೇಲೆಯೇ ಬೇಕಾದರೆ ನಿಲ್ಲಿಸಿ. ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಮಗು ಇದ್ದರೆ, ಫ್ಲೀಲಿಕ್‌ನನ್ನು ‘ಪಾಪ’ ಎನ್ನದೆ ಗಾಡಿಯ ಹಿಂದೆ ಛಲ ಬಿಡದೆ ಹೋದವನೆಂದೇ ಹೇಳಿ.

ಬಿಡಿಸಿಕೊಂಡು ಓಡುವಾಗ ಥೆಲೋನಿಯಸ್ ಹೊರಡುವುದಿಲ್ಲ. ಹಿಡಿದವರು ಅವನ ಬಟ್ಟೆ ಕಳಚಿದ್ದಾರೆ, ಬಟ್ಟೆ ತೊಡದೆ ಅವನು ಹೆಜ್ಜೆ ಇಡಲಾರ. ಉಳಿದವರು ಅವಸರದಲ್ಲೂ ಕಾಯುತ್ತಾರೆ. ನಿಧಾನವಾಗಿ ಗುಂಡಿ ಹಾಕಿಕೊಳ್ಳುವ ಆ ದೊಡ್ಡ ಕೈಗಳನ್ನು ನೋಡಲು ಬಿಡಿ, ಇಲ್ಲಿ ಏನೂ ಹೇಳಬೇಡಿ.

ಕೊನೆಯ ದೊಡ್ಡ ಔತಣಕೂಟದಲ್ಲಿ ಎಸ್ಮಿ ಗಾಳಿ ತುಂಬಿದ ಜೋಕರ್ ಉಡುಪಿನಲ್ಲಿ ಚೆಂಡಿನಂತೆ ಪುಟಿಯುವುದು ಸ್ವಲ್ಪ ಉದ್ದವಾಯಿತು ಅನ್ನಿಸಿದರೂ ಮಕ್ಕಳಿಗೆ ಅದು ಬೇಕು, ಅಷ್ಟು ಹೊತ್ತು ಬಿಗಿಹಿಡಿದ ನಗು ಅಲ್ಲಿ ಹೊರಬರುತ್ತದೆ. ಆಮೇಲೆ ಹೊಲ, ಮತ್ತೆ ಅದೇ ಪಂಪು, ನೀರು, ನೀವು ಉಳಿಸಿಟ್ಟ ಆ ಒಂದು ಮಾತು.

ಮುಗಿದ ಮೇಲೆ: ಹಸುವಿಗೆ ಮಾತು ಕೊಡುವುದು

‘ಹಂದಿ ಹೇಗೆ ಮಾತಾಡಿತು’ ಎಂದು ಕೇಳಿಯೇ ಕೇಳುತ್ತಾರೆ. ಮೂರು ಬಗೆಯ ಕೆಲಸ ಸೇರಿದೆ: ತರಬೇತಿ ಪಡೆದ ನಿಜ ಪ್ರಾಣಿಗಳು, ಯಂತ್ರದಿಂದ ಆಡುವ ಬೊಂಬೆಗಳು, ನಿಜ ಪ್ರಾಣಿಯ ಮುಖದ ಮೇಲೆ ಕಂಪ್ಯೂಟರಿನಲ್ಲಿ ಕೂರಿಸಿದ ಬಾಯಿ. ಮೊದಲ ಭಾಗಕ್ಕೆ ದೃಶ್ಯ ಪರಿಣಾಮದ ಆಸ್ಕರ್ ಬಂದದ್ದು ಇದಕ್ಕೇ. ಹಂದಿಮರಿ ಬೇಗ ಬೆಳೆದುಬಿಡುತ್ತದೆ, ಆದ್ದರಿಂದ ಮೊದಲ ಭಾಗದಲ್ಲಿ ಒಬ್ಬ ಬೇಬ್‌ಗಾಗಿ 48 ಮರಿಗಳು ಬೇಕಾದವು. ಕಂಪ್ಯೂಟರ್ ಇಲ್ಲದೆಯೂ ಮಕ್ಕಳು ಇದರ ರುಚಿ ನೋಡಬಹುದು.

ಮಧ್ಯಾಹ್ನ ಮೆಲುಕು ಹಾಕುತ್ತ ಮಲಗಿದ ಹಸುವನ್ನು ಆರಿಸಿ. ಬಾಯಿಗೆ ಮೇವು ಕೊಟ್ಟು ತೆಗೆದರೆ ತಲೆ ಅಲ್ಲಾಡಿ ಕೆಡುತ್ತದೆ. ಫೋನನ್ನು ಅಡ್ಡ ಹಿಡಿದು, ಹಸುವಿನ ಮುಖದ ಎತ್ತರಕ್ಕೆ ಕುಳಿತು, ಪಕ್ಕದಿಂದ ಕೊಂಚ ಮುಂದಕ್ಕೆ ಸರಿದ ಕೋನದಲ್ಲಿ 20 ಸೆಕೆಂಡ್ ಚಿತ್ರಿಸಿ. ಹಸುವನ್ನು ಏಳಿಸುವುದು, ಬಾಯಿಗೆ ಕೈ ಹಾಕುವುದು, ಮುಖಕ್ಕೆ ಲೈಟ್ ಬಿಡುವುದು ಬೇಡ. ಹಸು ನಿಮಿಷಕ್ಕೆ ಸುಮಾರು 50 ಸಲ ದವಡೆ ಆಡಿಸುತ್ತದೆ, ಅಂದರೆ ನಿಮ್ಮ ಕೈಗೆ ಸಿಗುವುದು 16-17 ಅಗಿತ. ಮಕ್ಕಳು ಸದ್ದಿಲ್ಲದೆ ವಿಡಿಯೊ ಹಾಕಿ ಮೇಜು ಕುಟ್ಟುತ್ತ ಎಣಿಸಲಿ. ಒಂದು ಅಗಿತಕ್ಕೆ ಒಂದು ಅಥವಾ ಎರಡು ಅಕ್ಷರದ ಲೆಕ್ಕದಲ್ಲಿ ಮಾತು ಬರೆಯಲಿ. ಹಸು ಆತುರದಲ್ಲಿ ಮಾತಾಡಬಾರದು.

ಪ, ಬ, ಮ ಹೇಳುವಾಗ ನಮ್ಮ ತುಟಿ ಮುಚ್ಚುತ್ತದೆ. ಹಸುವಿನ ಬಾಯಿ ಮುಚ್ಚುವ ಕ್ಷಣಕ್ಕೆ ಈ ಅಕ್ಷರ ಬಿದ್ದರೆ ಮಾತಾಡಿದ ಹಾಗೇ ಕಾಣುತ್ತದೆ, ತೆರೆದ ಬಾಯಿಗೆ ಬಿದ್ದರೆ ಕೂಡಲೇ ಸುಳ್ಳು ಅನ್ನಿಸುತ್ತದೆ. ಬಾಯಿ ತೆರೆದಲ್ಲಿ ಆ, ಕ, ಹ ಬರುವ ಪದ ಇಡಿ. ಧ್ವನಿಯನ್ನು ಎರಡನೇ ಫೋನಿನಲ್ಲಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ, ಫ್ಯಾನು ಆರಿಸಿ, ವಿಡಿಯೊ ನೋಡುತ್ತಲೇ ಮುದ್ರಿಸಿ. ನಾಲ್ಕೈದು ಸಲ ತಪ್ಪುತ್ತದೆ. ಧ್ವನಿ ಹಿಂದೆ ಬೀಳುತ್ತಿದ್ದರೆ ವೇಗ ಹೆಚ್ಚಿಸಬೇಡಿ, ಒಂದು ಪದ ಕಿತ್ತುಹಾಕಿ. ಬಾಯಾಡದ ಹೊತ್ತಿಗೂ ಮಾತು ಉಳಿದುಹೋದರೆ ಹಸುವಿನ ಕಿವಿ ಅಥವಾ ಬಾಲದ ಒಂದು ತುಣುಕು ತೆಗೆದು ಆ ಜಾಗದಲ್ಲಿ ಜೋಡಿಸಿ.